ನೀರು ಹಾಕಿಕೊಳ್ಳುವ ಮೊದಲು

ಮೊದಲು ಅವರ ಪಾದ ನೆನಪಾಗುತ್ತದೆ, ಮುಖ ಆಮೇಲೆ. ಸಂಜೆ ಬಸ್ಸಿಳಿದು ಬಂದು, ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬಿಳಿ ಚಪ್ಪಲಿಯ ಪಟ್ಟಿ ಬಿಚ್ಚಿದರೆ, ಪಟ್ಟಿ ಇದ್ದ ಜಾಗದಲ್ಲಿ ಒಂದು ಹಳ್ಳ ಬಿದ್ದಿರುತ್ತಿತ್ತು. ನಾದಿಟ್ಟ ಜೋಳದ ಹಿಟ್ಟಿಗೆ ಬೆರಳು ಒತ್ತಿ ತೆಗೆದರೆ ಬೀಳುವಂಥ ಹಳ್ಳ. ಅದು ತುಂಬಿಕೊಳ್ಳುವ ತನಕ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಾನು ಬಕೆಟ್ಟಿನಲ್ಲಿ ಬಿಸಿನೀರು ತಂದು, ಒಂದು ಹಿಡಿ ಕಲ್ಲುಪ್ಪು ಹಾಕಿ ಮುಂದಿಡುತ್ತಿದ್ದೆ. ಪಾದ ನೀರಿಗಿಳಿದ ಮೇಲೆ ಉದ್ದಕ್ಕೆ ಒಂದು ಉಸಿರು ಬಿಡುತ್ತಿದ್ದರು. ಆ ಸದ್ದಿಗೆ ಒಳಗೆ ಮಲಗಿದ್ದ ನಮ್ಮ ಬೆಕ್ಕು ಎದ್ದು ಬರುತ್ತಿತ್ತು.

ಅವರು ನರ್ಸಿಂಗ್ ಕಲಿಸುವವರು. ಹರಪನಹಳ್ಳಿ ಕಡೆಯ ಒಂದು ನರ್ಸಿಂಗ್ ಶಾಲೆಯಲ್ಲಿ ಕೆಲಸ, ಇರುವುದು ಕೊಟ್ಟೂರಿನಲ್ಲಿ, ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ. ಹುಡುಗಿಯರೆಲ್ಲ ಮೇಡಂ ಅನ್ನುತ್ತಿದ್ದರು. ಅವರ ಹುದ್ದೆಯ ಹೆಸರು ಟ್ಯೂಟರ್ ಅಂತ ಗೊತ್ತಾದ ಮೇಲೆ ನಾನು ಅದಕ್ಕೊಂದು ಅಮ್ಮ ಸೇರಿಸಿ ಟ್ಯೂಟರಮ್ಮ ಮಾಡಿಕೊಂಡೆ. ನನಗಿಂತ ಎಷ್ಟೋ ಚಿಕ್ಕವರು. ಆದರೂ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಯಾಕೆಂದರೆ ಸೂಜಿ ಹಾಕಲು ಕಲಿತವರನ್ನು ಎದುರು ಹಾಕಿಕೊಳ್ಳುವುದು ಒಳ್ಳೆಯದಲ್ಲ.

ಸ್ವಂತ ಊರು ಹಡಗಲಿಯ ಆಚೆ, ಮೈಲಾರದ ದಾರಿಯಲ್ಲಿ ಹೊಳೆಗೆ ಹತ್ತಿರದ ಹಳ್ಳಿ. ಅಲ್ಲಿ ಒಬ್ಬ ತಮ್ಮ ಇದ್ದ. ಗಂಡನ ಸುದ್ದಿ ಇರಲಿಲ್ಲ. ಸುದ್ದಿ ಇಲ್ಲದ ಕಡೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಬಂದ ಹೊಸದರಲ್ಲೇ ಚಹಾ ಕೊಡುತ್ತಾ ಕೇಳಿಬಿಟ್ಟೆ. ಅವರು ಚಹಾ ಆರಿಸಿಕೊಳ್ಳುತ್ತಾ, "ಅದು ಹಳೇ ಪೋಸ್ಟಿಂಗ್ ರೀ ಅಮ್ಮಾ, ಅಲ್ಲಿಂದ ರಿಲೀವ್ ಆಗೇತಿ" ಅಂದರು. ಆಮೇಲೆ ನಾನು ಆ ಮಾತು ತೆಗೆಯಲಿಲ್ಲ.

ಅವರ ಹೆಗಲಿಗೆ ಯಾವಾಗಲೂ ಒಂದು ಭಾರದ ಚೀಲ. ನಾನು ಮೊದಮೊದಲು ಅದರಲ್ಲಿ ಔಷಧಿ ಇರಬೇಕು ಅಂದುಕೊಂಡಿದ್ದೆ. ಇದ್ದದ್ದು ಹುಡುಗಿಯರ ಡೈರಿಗಳು. ದಿನಾ ವಾರ್ಡಿನ ಕೆಲಸ ಮುಗಿದ ಮೇಲೆ ಪ್ರತಿ ಹುಡುಗಿ ಅವತ್ತು ತಾನು ಕಂಡದ್ದು, ಮಾಡಿದ್ದು ಬರೆಯಬೇಕು. ಜ್ವರ ಎಷ್ಟು, ನಾಡಿ ಎಷ್ಟು, ಯಾವ ಗುಳಿಗೆ ಅನ್ನುವುದಕ್ಕೆ ಬೇರೆ ಪುಸ್ತಕ ಇತ್ತಂತೆ. ಇದರಲ್ಲಿ ಅವೆಲ್ಲ ಬೇಡ. ಮೂರೇ ಮಾತು. ಏನಾತು, ಹೆಂಗನಿಸ್ತು, ನಾಳಿ ಏನು ಮಾಡ್ತಿ. ಇದಕ್ಕೆ ಮಾರ್ಕ್ಸ್ ಇಲ್ಲ, ತಪ್ಪಿದ್ದರೆ ಬೈಗುಳ ಇಲ್ಲ, ಅವರನ್ನು ಬಿಟ್ಟು ಬೇರೆ ಯಾರೂ ಓದುವಂತಿಲ್ಲ.

ಮಾರ್ಕ್ಸ್ ಇಲ್ಲದಿದ್ದರೆ ಯಾವ ಹುಡುಗಿ ಬರೆಯುತ್ತಾಳೆ ಅಂತ ನಾನು ನಕ್ಕೆ. ಅವರು ನಗಲಿಲ್ಲ. "ಕೈ ತೊಳಕೊಳ್ಳೋದನ್ನ ಕಲಿಸಿದ್ಹಂಗ ಇದೂ ಅಮ್ಮಾ. ದಿನಾ ಮಾಡ್ಬೇಕು. ಕಂಡಿದ್ದು ಹಂಗೇ ಹೊಟ್ಟ್ಯಾಗ ಉಳದ್ರ ಮುಂದಿನ ರೋಗಿಗೆ ಹತ್ತತೈತಿ" ಅಂದರು. ಜೊತೆಯ ಟೀಚರುಗಳೂ ನಗುತ್ತಿದ್ದರಂತೆ. ಸಿಲೆಬಸ್ಸಿನಲ್ಲಿ ಒಂದು ಸಾಲಿನಷ್ಟು ಇದ್ದದ್ದನ್ನು ಇವರು ಚೀಲಗಟ್ಟಲೆ ಮಾಡಿಕೊಂಡಿದ್ದಾರೆ ಅಂತ.

ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡೇ ಡೈರಿ ಓದುತ್ತಿದ್ದರು. ತುರುಬಿನಲ್ಲಿ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿರುತ್ತಿದ್ದರು. ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ. ಕೆಂಪು ಕಂಡರೆ ಹುಡುಗಿಯರು ಹೆದರಿ ಸುಳ್ಳು ಬರೆಯುತ್ತಾರೆ ಅನ್ನುತ್ತಿದ್ದರು. ಪೆನ್ಸಿಲ್ಲಿನಲ್ಲಿ ಅವರು ಬರೆಯುತ್ತಿದ್ದದ್ದೂ ಹೆಚ್ಚೇನಲ್ಲ. ಪುಟದ ಅಂಚಿಗೆ, ಚಿಕ್ಕದಾಗಿ, "ಆಮೇಲೆ?" ಅಂತ. ಅಷ್ಟೇ. ಹುಡುಗಿ ಮರುದಿನ ಆ ಆಮೇಲೆಗೆ ಉತ್ತರ ಬರೆದು ತರಬೇಕು. ಮತ್ತೆ ಇವರು ಆಮೇಲೆ ಅನ್ನಬೇಕು.

ನಾನು ಶೇಂಗಾ ಸುಲಿಯುವ ನೆಪದಲ್ಲಿ ಕುತ್ತಿಗೆ ಚಾಚಿದರೆ ಟವೆಲ್ ಮುಚ್ಚಿಬಿಡುತ್ತಿದ್ದರು.

"ಇದು ಹುಡುಗ್ಯಾರದ್ದು ರೀ. ನೀವು ಓದಂಗಿಲ್ಲ."

"ನಾ ಕನ್ನಡಕನ ಹಾಕ್ಕಂಡಿಲ್ಲ, ಏನು ಓದ್ಲಿ?"

"ನಿಮ್ಮ ಮೂಗಿನ ಮ್ಯಾಲೇ ಐತಿ ನೋಡ್ರಿ ಕನ್ನಡಕ."

ಹೆಸರು ಹೇಳದೆ ಒಮ್ಮೊಮ್ಮೆ ಒಂದು ಸಾಲು ಹೇಳುತ್ತಿದ್ದರು. ಹುಡುಗಿಯರಿಗೆ ಒಂದು ವಾಕ್ಯ ಸಿಕ್ಕಿಬಿಟ್ಟಿತ್ತು. "ರೋಗಿಗೆ ಮಾನಸಿಕ ಧೈರ್ಯ ತುಂಬಿದೆನು." ಹಿಂದಿನ ವರ್ಷದವರಿಂದ ಇಳಿದು ಬಂದ ವಾಕ್ಯ ಅದು. ಹೆರಿಗೆಗೆ ಬಂದವಳಿಗೂ ಅದೇ, ಹಾವು ಕಚ್ಚಿಸಿಕೊಂಡು ಬಂದವನಿಗೂ ಅದೇ. ಒಬ್ಬಳಂತೂ ಆಗಷ್ಟೇ ಹುಟ್ಟಿದ ಕೂಸಿಗೂ ತುಂಬಿಬಿಟ್ಟಿದ್ದಳಂತೆ. ಟ್ಯೂಟರಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಈ ಹುಡುಗ್ಯಾರು ಧೈರ್ಯ ತುಂಬಿ ತುಂಬಿ ರೋಗಿ ಹೊಟ್ಟ್ಯಾಗ ಗಂಜಿಗೂ ಜಾಗ ಇಲ್ಲದಂಗ ಮಾಡ್ಯಾರ" ಅಂದರು. ನಕ್ಕದ್ದಕ್ಕೋ ದಣಿದದ್ದಕ್ಕೋ ಕಣ್ಣು ಒರೆಸಿಕೊಂಡದ್ದು, ನನಗೆ ಈಗಲೂ ಗೊತ್ತಿಲ್ಲ.

ನನ್ನ ಮೊಮ್ಮಗಳು ಆ ಶಾಲೆಗೆ ಸೇರಿದ್ದು ಇವರನ್ನು ನೋಡಿಯೇ. ಅವಳು ನನ್ನ ಮಗಳ ಮಗಳು. ಅವರದು ಗುಡೇಕೋಟೆ ಕಡೆ ಕುರಿ ಸಾಕುವ ಮನೆ. ಅವಳಪ್ಪನಿಗೆ ಮನಸ್ಸಿರಲಿಲ್ಲ. ಕುರಿಗೆ ಔಷಧಿ ಕುಡಿಸುವಷ್ಟು ಬಂದರೆ ಸಾಕು, ಮನುಷ್ಯರ ಉಸಾಬರಿ ಯಾಕೆ ಅಂದವನು. ನಾನೇ ಬೆನ್ನು ಹತ್ತಿ ಒಪ್ಪಿಸಿ ನನ್ನ ಮನೆಯಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುವುದು, ಟ್ಯೂಟರಮ್ಮ ಮುಂದೆ, ಇವಳು ಹಿಂದೆ. ಮನೆಯಲ್ಲಿ ಎಷ್ಟೇ ಸಲಿಗೆ ಇದ್ದರೂ ಬಸ್ ಸ್ಟ್ಯಾಂಡಿನಲ್ಲಿ ಗುರುತೇ ಇಲ್ಲದವರ ಹಾಗೆ ನಿಲ್ಲುತ್ತಿದ್ದರು.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಸಾವಿನ ಮನೆಯಿಂದ ಬಂದವರು ನಮ್ಮಲ್ಲಿ ಮುಂಬಾಗಿಲು ದಾಟುವುದಿಲ್ಲ. ಸಂದಿಯಿಂದ ಹಿತ್ತಲಿಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಸಿಕೊಂಡು ಆಮೇಲೆ ಒಳಗೆ ಬರಬೇಕು. ಇದು ಎಲ್ಲರ ಮನೆಯಲ್ಲೂ ಉಂಟು. ನಮ್ಮತ್ತೆ ಇದಕ್ಕೆ ಇನ್ನೊಂದು ಸೇರಿಸಿದ್ದಳು. ನೀರು ಬಿದ್ದ ಮೇಲೆ ಆ ಮಾತೂ ಮುಗಿಯಿತು. ಸಾವಿನ ಮಾತು ಹೊಸ್ತಿಲೊಳಗೆ ಬರಬಾರದು. ನಮ್ಮತ್ತೆ ಹೋದರೂ ಅವಳ ಕಾಯಿದೆ ಹೋಗಿಲ್ಲ.

ಮೊಮ್ಮಗಳಿಗೆ ವಾರ್ಡ್ ಡ್ಯೂಟಿ ಶುರುವಾಗಿ ಕೆಲವು ವಾರ ಆಗಿತ್ತು. ಒಂದು ಮಧ್ಯಾಹ್ನ ಒಬ್ಬಳೇ ಬೇಗ ಬಂದಳು. ಕಟ್ಟೆಯ ಕೆಳಗೆ ನಿಂತು, "ಅಜ್ಜಿ, ಇವತ್ತು ನಾ ನೋಡ್ಕಳ್ಳೋ ಬೆಡ್ಡಿನ ಮುತ್ಯಾ..." ಅಂದಳು. ಮುದುಕ ಹೋಗಿದ್ದಾನೆ ಅಂತ ನನಗೆ ತಿಳಿಯಿತು. ಕೈ ಅಡ್ಡ ಹಿಡಿದು ಸಂದಿ ತೋರಿಸಿದೆ. ಹಂಡೆಯ ನೀರು ತೋಡಿ ತಲೆಯ ಮೇಲೆ ಹುಯ್ದೆ. ಅವಳು ಮತ್ತೆ ಬಾಯಿ ತೆಗೆದಳು. ಆತು ಬಿಡು ತಾಯಿ, ನೀರು ಬಿತ್ತು, ಇನ್ನ ಆ ಮಾತು ಬ್ಯಾಡ ಅಂದೆ. ನಾನು ತಲೆ ಒರೆಸಿದೆ, ಬಿಸಿ ರೊಟ್ಟಿ ಹಾಕಿದೆ.

ಮಾರನೆಯ ದಿನದಿಂದ ಹುಡುಗಿ ವಿಚಿತ್ರ ಆದಳು. ಎಲ್ಲರಿಗೂ ನೀರು ಕೊಡುವುದು. ನಾನು ಎದ್ದರೆ ಚೊಂಬು, ಕೂತರೆ ಚೊಂಬು. ಹಾಲಿನವನಿಗೆ ನೀರು, ಕರೆಂಟ್ ಬಿಲ್ಲಿನವನಿಗೆ ನೀರು. ಬೆಕ್ಕಿನ ಬಟ್ಟಲು ತುಂಬಿ ಹರಿಯುತ್ತಿತ್ತು. ನಮ್ಮ ಹುಡುಗಿಗೆ ನರ್ಸಿಂಗಿನಲ್ಲಿ ಮರ್ಯಾದೆ ಕಲಿಸಿದ್ದಾರೆ ಅಂತ ನಾನು ಪಕ್ಕದ ಮನೆಯವಳ ಮುಂದೆ ಕೊಚ್ಚಿಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಳ್ಳಲಿಲ್ಲ. ಹೊಟ್ಟೆನೋವು ಅಂದಳು. ಮಾರನೆಯ ದಿನ ತಲೆನೋವು. ಮೂರನೆಯದಕ್ಕೆ ನೋವಿನ ಹೆಸರು ಹೇಳಲಿಲ್ಲ. ಅಪ್ಪನಿಗೆ ಫೋನ್ ಮಾಡಿ, ನನಗೆ ಇದು ಆಗುವುದಿಲ್ಲ, ಬಂದು ಕರೆದುಕೊಂಡು ಹೋಗು ಅಂದುಬಿಟ್ಟಿದ್ದಳು. ಅಪ್ಪನಿಗೆ ಅಷ್ಟೇ ಬೇಕಿತ್ತು. ಸಂತೆಗೆ ಬರುತ್ತೇನೆ, ಬಟ್ಟೆ ಕಟ್ಟಿಟ್ಟುಕೊಂಡಿರು ಅಂದನಂತೆ. ಒಮ್ಮೆ ಹೋದರೆ ಅವಳು ತಿರುಗಿ ಬರುವುದಿಲ್ಲ ಅನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು.

ಅವತ್ತು ಸಂಜೆ ಟ್ಯೂಟರಮ್ಮ ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡು ಕೂತಿದ್ದರು. ಮೊಮ್ಮಗಳು ಬಂದು ನೀರು ಕೊಟ್ಟು ಹೋದಳು. ಇನ್ನೊಂದು ಗಳಿಗೆಗೆ ಮತ್ತೆ ತಂದಳು. ಅವರು ಎರಡನ್ನೂ ಪಕ್ಕಕ್ಕಿಟ್ಟು, ಚೀಲದಿಂದ ಒಂದು ಡೈರಿ ತೆಗೆದು, ಅದರ ಮೇಲೆ ಕೈ ಇಟ್ಟುಕೊಂಡರು. ತೆರೆಯಲಿಲ್ಲ.

"ನಿಮ್ಮ ಮೊಮ್ಮಗಳೂ ಧೈರ್ಯ ತುಂಬ್ಯಾಳ ಅಮ್ಮಾ. ಆ ಮುತ್ಯಾ ಹೋದ ದಿನ. ನಾನು ಆಮೇಲೆ ಅಂತ ಬರದು ಕೊಟ್ಟೆ. ಬರದಿಲ್ಲ. ಮನ್ಯಾಗ ಏನರ ಹೇಳ್ಯಾಳೇನು?"

ನಮ್ಮ ಮನೆಯಲ್ಲಿ ಆ ಮಾತು ಆಡುವುದಿಲ್ಲ ಅಂದೆ. ಅವರು ನನ್ನನ್ನೇ ನೋಡಿದರು. ನಾನು ನಮ್ಮತ್ತೆಯ ಕಾಯಿದೆ ಹೇಳಿದೆ. ಬೇರೆ ಯಾರಾದರೂ ಓದಿದವರಾಗಿದ್ದರೆ ಇದೆಲ್ಲ ಮೂಢನಂಬಿಕೆ ಅಂತ ಭಾಷಣ ಮಾಡುತ್ತಿದ್ದರು, ನನಗೂ ಜಗಳಕ್ಕೊಂದು ದಾರಿ ಸಿಗುತ್ತಿತ್ತು. ಇವರು ಭಾಷಣ ಮಾಡಲಿಲ್ಲ. ನೀರಿನಲ್ಲಿ ಪಾದ ಆಡಿಸುತ್ತಾ ಯೋಚನೆ ಮಾಡಿದರು. ಆಮೇಲೆ ಕೇಳಿದರು.

"ಈ ಕಟ್ಟಿ ಒಳಗೋ ಹೊರಗೋ?"

"ಹೊಸ್ತಿಲದ ಹೊರಗೇ ಐತಲ್ಲ. ಹೊರಗ."

"ಹಂಗಾದ್ರ ಇಲ್ಲಿ ಕುಂತು ಬರೀಬೋದು."

"ನೀರು ಬಿದ್ದು ಎಷ್ಟೋ ದಿನ ಆತ್ರಿ ಟ್ಯೂಟರಮ್ಮ."

"ಬರದಾದ ಮ್ಯಾಲೆ ಮತ್ತ ಹಾಕ್ರಿ. ನೀರಿಗೇನು ಬರ ಬಂದೈತೇನು?"

ನಮ್ಮ ಊರಿನಲ್ಲಿ ನೀರಿಗೆ ಬರ ಬರುವುದೂ ಉಂಟು. ಅದನ್ನು ಹೇಳಲಿಲ್ಲ. ನಮ್ಮತ್ತೆಯ ಕಾಯಿದೆಯಲ್ಲಿ ಇದಕ್ಕೆ ಅಡ್ಡಿ ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ಹಂಡೆಗೆ ಉರಿ ಹಾಕಿ ಬಂದೆ.

ಮೊಮ್ಮಗಳನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಕೈಗೆ ಡೈರಿ ಕೊಟ್ಟರು. ತುರುಬಿನ ಪೆನ್ಸಿಲ್ಲನ್ನೇ ತೆಗೆದು ಕೊಟ್ಟರು. ಅವಳು ಬರೆಯಲಿಲ್ಲ. ಪೆನ್ಸಿಲ್ಲಿನ ತುದಿ ನೋಡುತ್ತಾ ಕೂತಳು. ಟ್ಯೂಟರಮ್ಮ ಅವಳ ಕಡೆ ನೋಡದೆ ಬೇರೆ ಯಾರದೋ ಡೈರಿ ಓದುತ್ತಿದ್ದರು. ನಾನು ಶೇಂಗಾ ಸುಲಿಯುತ್ತಿದ್ದೆ. ಎದುರಿನ ಮಿರ್ಚಿ ಅಂಗಡಿಯವನು ಬಾಣಲೆಗೆ ಹಿಟ್ಟು ಬಿಡುತ್ತಿದ್ದ. ಎಷ್ಟು ಹೊತ್ತು ಹಾಗೇ ಇದ್ದೆವೋ. ಬಕೆಟ್ಟಿನ ನೀರು ಆರಿತು. ಆಮೇಲೆ ಹುಡುಗಿ ಬಾಯಿ ಬಿಟ್ಟಳು.

"ನೀರು ಕೇಳಿದ ಮೇಡಂ. ಬಾಯಿಲೆ ಏನೂ ಕೊಡಬ್ಯಾಡ ಅಂತ ಬೋರ್ಡ್ ಹಾಕಿದ್ರು. ನಾ ಕೊಡಲಿಲ್ಲ. ಯವ್ವಾ ಒಂದು ಗುಟುಕು ಅಂದ. ನನ್ನ ಕೈ ಹಿಡಕಂಡಿದ್ದ. ನಾ ಕೊಡಲಿಲ್ಲ."

ನನ್ನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ಹೋಗುವ ಜೀವದ ಬಾಯಿಗೆ ನೀರು ಬಿಡದವರು ನಮ್ಮಲ್ಲಿ ಇಲ್ಲ. ಆಗದವರಿಗೂ ಬಿಡುತ್ತಾರೆ. ಮಾತಾಡದೆ ಜನ್ಮ ಕಳೆದ ಅಣ್ಣತಮ್ಮಂದಿರು ಆ ಹೊತ್ತಿಗೆ ಓಡಿ ಬಂದು ಬಿಡುತ್ತಾರೆ. ಅಯ್ಯೋ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಟ್ಯೂಟರಮ್ಮ ನನ್ನ ಕಡೆ ತಿರುಗಿದರು. ಬರೀ ನೋಡಿದರು. ವಾರ್ಡಿನಲ್ಲಿ ಗಲಾಟೆ ಮಾಡುವ ಸಂಬಂಧಿಕರನ್ನು ಹಾಗೇ ನೋಡುತ್ತಿದ್ದರೇನೋ. ನಾನು ಮಾತು ನುಂಗಿಕೊಂಡೆ. ನನ್ನ ಜನ್ಮದಲ್ಲಿ ನುಂಗಿಕೊಂಡ ಮಾತುಗಳು ಕಡಿಮೆ, ಅದರಲ್ಲಿ ಇದೊಂದು.

ಆಮೇಲೆ ಅವರು ಹುಡುಗಿಗೆ ಹೇಳಿದರು. ಅನ್ನನಾಳದ ಬದಲು ಉಸಿರಿನ ನಾಳಕ್ಕೆ ನೀರು ಇಳಿದರೆ ಏನಾಗುತ್ತದೆ ಅನ್ನುವುದನ್ನು ಹೇಳಿದರು. ಅದು ಅವಳಿಗೂ ಗೊತ್ತಿತ್ತು, ತಲೆಯಾಡಿಸಿದಳು. ಕೊನೆಗೆ ಅವರು ಅಂದದ್ದು ಇಷ್ಟು.

"ನೀ ಮಾಡಿದ್ದು ಸರಿ. ಸರಿ ಮಾಡಿದ್ರೂ ನೋಯ್ತೈತಿ. ಎರಡೂ ಬರಿ. ಒಂದು ಬರದು ಒಂದು ಬಿಟ್ರ ಅದು ಡೈರಿ ಅಲ್ಲ."

ಅವಳು ಬರೆದಳು. ಕಣ್ಣೀರು ಪುಟದ ಮೇಲೆ ಬಿದ್ದರೂ ಒರೆಸದೆ ಬರೆದಳು. ಮೂರನೆಯ ಮಾತಿಗೆ ಬಂದು ನಿಂತಳು. ನಾಳೆ ನಾನು ಹೋಗುವುದಿಲ್ಲ, ಏನಂತ ಬರೆಯಲಿ ಅಂತ ಕೇಳಿದಳು.

"ಹೋಗಬ್ಯಾಡ. ಹೋಗಿದ್ರ ಏನು ಮಾಡ್ತಿದ್ದಿ, ಅದನ್ನ ಬರಿ."

ಅವಳು ಪೆನ್ಸಿಲ್ ಕಚ್ಚಿಕೊಂಡು ಕೂತಳು. ಸಂಜೆ ಬಸ್ಸಿನ ಹಾರ್ನ್ ಕೇಳಿಸಿತು. ಆಮೇಲೆ ನಿಧಾನಕ್ಕೆ ಕೇಳಿದಳು.

"ಹತ್ತಿ ಒದ್ದಿ ಮಾಡಿ ಹಿಂಡಿ, ತುಟಿಗೆ ಹಚ್ಚಬೋದಿತ್ತಾ ಮೇಡಂ?"

"ಸಿಸ್ಟರನ್ನ ಕೇಳಿ ಹಚ್ಚಬೋದಿತ್ತು."

"ಕ್ಲಾಸಿನಾಗ ಹೇಳಿದ್ರಿ ನೀವು. ಆ ಹೊತ್ತಿಗೆ ನೆನಪಾಗ್ಲಿಲ್ಲ."

"ಇನ್ನ ಮ್ಯಾಲೆ ಮರಿಯಂಗಿಲ್ಲ ಬಿಡು."

ಅವಳು ಅದನ್ನು ಬರೆದು ಮುಗಿಸಿದಳು. ನಾನು ಹಿತ್ತಲಿಗೆ ಕರೆದುಕೊಂಡು ಹೋಗಿ ಮತ್ತೊಮ್ಮೆ ತಲೆಗೆ ನೀರು ಹಾಕಿದೆ. ಟ್ಯೂಟರಮ್ಮ ಒದ್ದೆ ಪಾದದಲ್ಲೇ ಮೆಟ್ಟಿಲು ಹತ್ತಿದರು. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅವತ್ತು ಬಹಳ ದಣಿದಿದ್ದರು. ಅವರಿಗೂ ಅಂಥ ಯಾವುದೋ ಒಂದು ಬೆಡ್ ಇದ್ದಿರಬೇಕು ಅಂತ ನನಗೆ ಅನಿಸಿತು. ಆಮೇಲೊಮ್ಮೆ ಕೇಳಿದಾಗ, "ನಮ್ಮ ಕಾಲಕ್ಕ ನನಗ ಯಾರೂ ಆಮೇಲೆ ಅನ್ನಲಿಲ್ಲ ಅಮ್ಮಾ" ಅಂದರು.

ಸಂತೆಯ ದಿನ ಅಳಿಯ ಬಂದ. ಮಗಳ ಬಟ್ಟೆ ತುಂಬಿಕೊಂಡು ಹೋಗಲು ಚೀಲ ತಂದಿದ್ದ. ಮಗಳು ಬೆಳಗಿನ ಬಸ್ಸಿಗೇ ವಾರ್ಡಿಗೆ ಹೋಗಿಯಾಗಿತ್ತು. ಕಟ್ಟೆಯ ಮೇಲೆ ಕೂತು ಚಹಾ ಕುಡಿದ, ಮಂಡಕ್ಕಿ ತಿಂದ, ಮತ್ತೊಮ್ಮೆ ಚಹಾ ಕುಡಿದ. ಹೋಗುವಾಗ ನಾನು ಆ ಚೀಲಕ್ಕೆ ಸುಲಿದ ಶೇಂಗಾ ತುಂಬಿ ಕೊಟ್ಟೆ, ಖಾಲಿ ಚೀಲ ಹಿಡಿದುಕೊಂಡು ಹೋಗುವುದು ಅಳಿಯನಿಗೆ ಶೋಭೆಯಲ್ಲ ಅಂತ.

ಅಲ್ಲಿಂದ ಮುಂದೆ ಕಟ್ಟೆ ಬರೆಯುವ ಜಾಗ ಆಯಿತು. ವಾರ್ಡಿನಲ್ಲಿ ಯಾರಾದರೂ ಹೋದ ದಿನ ಮೊಮ್ಮಗಳು ಬಂದವಳೇ ಕಟ್ಟೆಯ ಮೇಲೆ ಕೂತು ಬರೆಯುವಳು. ಬರೆದು ಮುಗಿದ ಮೇಲೆ ಅಜ್ಜಿ ನೀರು ಅನ್ನುವಳು. ನಮ್ಮತ್ತೆ ಇದ್ದಿದ್ದರೆ ಇಬ್ಬರಿಗೂ ಸೌಟು ಬೀಳುತ್ತಿತ್ತು.

ಓದು ಮುಗಿದು ಅವಳಿಗೆ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ತನ್ನ ಹಳೆಯ ಫೋನ್ ನನಗೆ ಕೊಟ್ಟು ಹೋದಳು. ಅದರಲ್ಲಿ ಕನ್ನಡ ಅಕ್ಷರ ಬರುವಂತೆ ಮಾಡಿ, ಒತ್ತುವುದು ಕಲಿಸಿದವರು ಟ್ಯೂಟರಮ್ಮ. ನನ್ನ ಬೆರಳು ಸೊಟ್ಟಗಾಗಿವೆ, ಪೆನ್ನು ಹಿಡಿದರೆ ಇರುವೆ ಮೆರವಣಿಗೆ ಹೊರಟ ಹಾಗೆ ಕಾಣುತ್ತದೆ. "ಬೆರಳು ನಡುಗಿದ್ರೂ ಅಕ್ಷರ ನಡುಗಂಗಿಲ್ಲ ನೋಡ್ರಿ ಇದರಾಗ" ಅಂದರು. ದಿನಾ ಮೂರು ಮಾತು ಬರೆದು ನನಗೆ ಕಳಿಸಿರಿ, ಮಾರ್ಕ್ಸ್ ಇಲ್ಲ ಅಂದರು. ಮೊದಲ ದಿನ ನಾನು ಬರೆದದ್ದು ಹೀಗೆ. ಹಾಲು ಒಡೆಯಿತು. ಸಿಟ್ಟು ಬಂತು. ನಾಳೆ ಬೇರೆಯವರ ಹತ್ತಿರ ತೆಗೆದುಕೊಳ್ಳುತ್ತೇನೆ. ಕಳಿಸಿ ಇನ್ನೂ ಫೋನ್ ಕೆಳಗಿಟ್ಟಿರಲಿಲ್ಲ, ಮಾಳಿಗೆಯ ಮೇಲಿಂದ ಉತ್ತರ ಬಂತು. "ಆಮೇಲೆ?"

ಆಮ್ಯಾಲೆ ಏನೂ ಇಲ್ಲ, ನಿಮಗ ಚಾ ಇಲ್ಲ ಅಂತ ಕೆಳಗಿನಿಂದಲೇ ಕೂಗಿದೆ. ಅವರು ಇಳಿದು ಬಂದು ಮೆಟ್ಟಿಲ ಮೇಲೆ ಕೂತು, ಸಿಟ್ಟು ಹಾಲಿನ ಮ್ಯಾಲೆ ಬಂತೇನ್ರಿ ಅಂತ ಕೇಳಿದರು. ನಾನು ಒಡೆದ ಹಾಲಿನ ಪಾತ್ರೆ ತಿಕ್ಕುತ್ತಿದ್ದೆ. ಮೊಮ್ಮಗಳು ಹೋದ ಮೇಲೆ ಅಷ್ಟೊಂದು ಹಾಲು ಯಾಕೆ ತೆಗೆದುಕೊಳ್ಳುತ್ತಿದ್ದೆ ಅನ್ನುವುದು ಆಗ ಹೊಳೆಯಿತು. ಇಬ್ಬರೂ ಕರಿ ಚಹಾ ಕುಡಿದೆವು.

ಹೀಗೆ ಎಲ್ಲರ ಹೊಟ್ಟೆಯೊಳಗಿನದ್ದು ಹೊರಗೆ ತೆಗೆಸುವ ಈಕೆ ತಮ್ಮದೊಂದು ಸಾಲು ಬರೆದದ್ದನ್ನು ನಾನು ನೋಡಲಿಲ್ಲ. ಪಾದದ ಊತ ದಿನದಿನಕ್ಕೆ ಮೇಲೆ ಏರುತ್ತಿತ್ತು. ಮೊದಲು ಸಂಜೆಗೆ ಊದುತ್ತಿದ್ದದ್ದು ಈಗ ಬೆಳಿಗ್ಗೆಯೂ ಇಳಿಯುತ್ತಿರಲಿಲ್ಲ. ನಿಂತು ನಿಂತು ಆಗಿದ್ದು ಅನ್ನುತ್ತಿದ್ದರು. ಮುಖವೂ ಊದಿದಂತೆ ಕಂಡಾಗ ನಿದ್ದೆಗೆಟ್ಟಿದ್ದೇನೆ ಅಂದರು. ಒಂದು ಸಂಜೆ ನಾನು ಬಕೆಟ್ ಇಡದೆ ನಿಂತೆ. ಅವರದೇ ಧ್ವನಿ ಮಾಡಿ ಕೇಳಿದೆ.

"ಏನಾತು?"

ಅವರು ತಲೆ ಎತ್ತಿ ನೋಡಿ ನಕ್ಕರು. "ಊದೈತಿ."

"ಹೆಂಗನಿಸ್ತೈತಿ?"

"ಸಾಕಾಗೇತಿ ಅಮ್ಮಾ."

"ನಾಳಿ ಏನು ಮಾಡ್ತೀರಿ?"

"ನಾಳಿ ಡ್ಯೂಟಿ ಐತಿ."

ಆಮ್ಯಾಲೆ ಅಂದೆ. ಅವರು ಕೈ ಚಾಚಿ ಬಕೆಟ್ಟನ್ನು ತಾವೇ ಎಳೆದುಕೊಂಡರು.

ಕಿಡ್ನಿ ಎರಡೂ ಸೋತಿವೆ ಅಂತ ಗೊತ್ತಾದದ್ದು ಆಮೇಲೆ, ಅವರು ಬಸ್ಸಿನಲ್ಲಿ ಎಚ್ಚರ ತಪ್ಪಿ ಬಿದ್ದಾಗ. ಅವರಿಗೆ ಯಾವಾಗಿನಿಂದ ಗೊತ್ತಿತ್ತೋ. ಡಯಾಲಿಸಿಸ್‌ಗೆ ಹೊಸಪೇಟೆಗೆ ಹೋಗಿ ಬರುವುದು ಶುರುವಾಯಿತು. ಹೋಗಿ ಬಂದ ದಿನ ಮಾತಿಲ್ಲ, ಹಿಂಡಿದ ಬಟ್ಟೆಯ ಹಾಗೆ ಮಲಗಿರುವುದು. ಆದರೂ ನಡುವಿನ ದಿನಗಳಲ್ಲಿ ಹುಡುಗಿಯರು ಡೈರಿ ತಂದು ಕೊಟ್ಟು ಹೋಗುತ್ತಿದ್ದರು. ಪೆನ್ಸಿಲ್ ಹಿಡಿಯಲು ಆಗದಿದ್ದಾಗ ಹುಡುಗಿಯನ್ನು ಎದುರು ಕೂರಿಸಿಕೊಂಡು, ಅವಳಿಂದಲೇ ಓದಿಸಿ, ಬಾಯಿಂದಲೇ ಆಮೇಲೆ ಅನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಕೆಳಗೆ ಇಳಿದು ಬರುತ್ತಿದ್ದೆ. ಒಂದೊಂದು ಸಲ ನಾಲ್ಕು ಮೆಟ್ಟಿಲು ಇಳಿದು ಅಲ್ಲೇ ನಿಲ್ಲುತ್ತಿದ್ದೆ, ಕಾಲು ನೋವಿಗೆ.

ಕುಡಿಯುವ ನೀರು ಅಳತೆಯಾಗಿಬಿಟ್ಟಿತು, ಡಾಕ್ಟರ ಕಟ್ಟಪ್ಪಣೆ. ಬೆಳಿಗ್ಗೆ ಒಂದು ಸಣ್ಣ ಬಾಟಲಿ ತುಂಬಿಕೊಂಡರೆ ಸಂಜೆಯ ತನಕ ಅಷ್ಟೇ. ಕೊಟ್ಟೂರಿನ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ನಾನು ಅವರ ಎದುರು ನೀರು ಕುಡಿಯುವುದು ಬಿಟ್ಟೆ. ಅದನ್ನೂ ಕಂಡುಹಿಡಿದರು. "ನೀವು ಕುಡೀರಿ ಅಮ್ಮಾ. ಗಟಗಟ ಸದ್ದು ಮಾಡಿ ಕುಡೀರಿ, ಕೇಳ್ತೀನಿ" ಅಂದರು. ನಾನು ಕುಡಿದೆ. ಸದ್ದು ಮಾಡಿದೆ.

ಕೊನೆಗೆ ಹೊಸಪೇಟೆಯಲ್ಲೇ ಅಡ್ಮಿಟ್ ಆದರು. ಮೊಮ್ಮಗಳಿದ್ದ ಆಸ್ಪತ್ರೆಯಲ್ಲೇ. ಒಂದು ಬೆಳಿಗ್ಗೆ ಅವಳ ಫೋನ್ ಬಂತು. ಹಲೋ ಅಂದೆ, ಅವಳು ಅಜ್ಜಿ ಅಂದಳು. ಮುಂದಿನದ್ದನ್ನು ಇಬ್ಬರೂ ಹೇಳಲಿಲ್ಲ.

ಅವರ ಊರಲ್ಲೇ ಮಣ್ಣು. ತಮ್ಮನೇ ಮುಂದೆ ನಿಂತು ಎಲ್ಲ ಮಾಡಿದ. ಕೂಡ್ಲಿಗಿ, ಬೊಮ್ಮನಹಳ್ಳಿ, ಉಚ್ಚಂಗಿದುರ್ಗದ ಕಡೆಯಿಂದೆಲ್ಲ ಅವರು ಕಲಿಸಿದ ಹುಡುಗಿಯರು ಬಂದಿದ್ದರು. ಕೆಲವರ ಕಂಕುಳಲ್ಲಿ ಮಕ್ಕಳು. ಕೆಲವರು ಡ್ಯೂಟಿಯಿಂದ ಹಾಗೇ ಬಂದಿದ್ದರು. ಯಾರೂ ಜೋರಾಗಿ ಅಳಲಿಲ್ಲ. ನರ್ಸುಗಳು ಹಾಗೆ, ಬೇರೆಯವರನ್ನು ಹಿಡಿದುಕೊಳ್ಳುವ ಅಭ್ಯಾಸ. ಅವರ ತಮ್ಮನನ್ನು ಹಿಡಿದುಕೊಂಡಿದ್ದರು.

ನಾನು, ಮೊಮ್ಮಗಳು ಸಂಜೆಗೆ ಕೊಟ್ಟೂರಿಗೆ ಬಂದೆವು. ಸಂದಿಗೆ ಹೋಗಬೇಕಿತ್ತು. ಹೋಗಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಅವಳು ಆಗ ಹೇಳಿದಳು.

"ತುಟಿ ಒಣಗಿ ಸೀಳಿದ್ವು ಅಜ್ಜಿ. ನೀರು ಕೇಳಲಿಲ್ಲ. ಅವರಿಗೆ ಗೊತ್ತಲ್ಲ. ಡಾಕ್ಟರನ್ನ ಕೇಳಿ ಹತ್ತಿ ಒದ್ದಿ ಮಾಡಿ ಹಚ್ಚಿದೆ. ಕಣ್ಣು ತೆಗೆದ್ರು. ನನ್ನ ನೋಡಿ, ಇದನ್ನ ಇವತ್ತ ಬರಿ, ನಾಳಿಗೆ ಇಡಬ್ಯಾಡ ಅಂದ್ರು. ಆಮೇಲೆ ಮಾತಾಡಲಿಲ್ಲ."

ಅವಳು ಚೀಲದಿಂದ ಡೈರಿ ತೆಗೆದಳು. ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಅವಳ ಚೀಲದಲ್ಲಿ ಡೈರಿ ಇದೆ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ನಾನು ಫೋನ್ ತೆಗೆದೆ. ಪಕ್ಕದ ಮನೆಯವಳು ಬಾಗಿಲಿಗೆ ಬಂದು, ಮಣ್ಣಿಗೆ ಹೋಗಿ ಬಂದು ಇನ್ನೂ ನೀರು ಹಾಕ್ಕಂಡಿಲ್ಲೇನು ಅಂತ ಕೇಳಿದಳು. ಬರಿಯಾಕ ಹತ್ತೀವಿ, ತಾಳು ಅಂದೆ. ಅವಳು ನಮ್ಮನ್ನು ನೋಡಿ, ಹೋಗಿ, ತನ್ನ ಮನೆಯ ಒಲೆಯ ಮೇಲೆಯೇ ನಮಗೂ ನೀರಿಟ್ಟಳು.

ಅವತ್ತು ನನ್ನ ಕೈಯಲ್ಲಿ ಬಂದದ್ದು ಒಂದೇ ಸಾಲು. ಟ್ಯೂಟರಮ್ಮ ಹೋದರು ಅಂತ. ಅದನ್ನು ಕಳಿಸಲು ಅವರದೇ ನಂಬರ್ ಹುಡುಕಿದೆ. ಹೆಸರು ಇತ್ತು, ಒತ್ತಿದೆ, ಹೋಯಿತು. ಆ ಕಡೆಯಿಂದ ಆಮೇಲೆ ಅಂತ ಬರಲಿಲ್ಲ. ಅದಕ್ಕೇ ಇಷ್ಟು ದಿನದಿಂದ ಮಧ್ಯ ಮಧ್ಯ ಬಿಡುವು ಮಾಡಿಕೊಂಡು, ಇದೇ ಕಟ್ಟೆಯ ಮೇಲೆ ಕೂತು, ಒಂದೊಂದೇ ಅಕ್ಷರ ಒತ್ತಿ ಎರಡನೆಯ ಮಾತಿಗೆ, ಹೆಂಗನಿಸ್ತು ಅನ್ನುವುದಕ್ಕೆ, ಉತ್ತರ ಬರೆದಿದ್ದೇನೆ. ನೀವು ಇಲ್ಲಿಯ ತನಕ ಓದಿದ್ದು ಅದೇ. ಹೆಬ್ಬೆರಳು ನೋಯುತ್ತಿದೆ. ಸಾಕಾಗಿದೆ.

ಮೂರನೆಯದು ಉಳಿದಿದೆ. ನಾಳೆ ಮೊಮ್ಮಗಳು ರಜೆಗೆ ಬರುತ್ತಾಳೆ. ಅವಳೂ ಈಗ ದಿನವಿಡೀ ನಿಂತೇ ಇರುವವಳು. ಬಕೆಟ್ಟಿಗೆ ಬಿಸಿನೀರು ಹಾಕಿ, ಕಲ್ಲುಪ್ಪು ಹಾಕಿ ಕಟ್ಟೆಯ ಮುಂದೆ ಇಟ್ಟಿರುತ್ತೇನೆ. ಚಪ್ಪಲಿ ಬಿಚ್ಚಿದ ಕೂಡಲೇ ಪಾದಕ್ಕೆ ಬೆರಳು ಒತ್ತಿ ನೋಡುತ್ತೇನೆ. ಹಳ್ಳ ಬಿದ್ದರೆ, ನಿಂತು ನಿಂತು ಆಗಿದ್ದು ಅಂದರೆ ಕೇಳುವುದಿಲ್ಲ. ನಾಳಿ ಡ್ಯೂಟಿ ಐತಿ ಅಂದರೂ ಕೇಳುವುದಿಲ್ಲ.